ಹೆಂಗಸರ ಎದೆನೋವಿಗೂ ಲೆಕ್ಕವಿರಲಿ
(ಹಿರೀಸಾವೆಯ ಸಭೆಯಲ್ಲಿ ಮಾಡಿದ ಭಾಷಣ)



2025ರ ಮೇ, ಜೂನ್ ತಿಂಗಳುಗಳಲ್ಲಿ ನಮ್ಮ ಹಾಸನ ಜಿಲ್ಲೆಯ ಹೃದಯಾಘಾತದ ಸಾವುಗಳು ನಾಡನ್ನೇ ನಡುಗಿಸಿದವು. ಸರ್ಕಾರ ತಜ್ಞರ ಸಮಿತಿಯನ್ನು ನೇಮಿಸಿತು. ಆಗ ಸಂತೆಯಲ್ಲಿ, ಗಿರಣಿಯ ಬಾಗಿಲಲ್ಲಿ ನಾವು ಕೇಳಿದ ಮಾತೆಲ್ಲ ಗಂಡಸರ ಎದೆಯದೇ. ಹೆಂಗಸಿಗೆ ಹೃದಯವಿಲ್ಲವೆ?

ಇದೇ ಚನ್ನರಾಯಪಟ್ಟಣ ತಾಲ್ಲೂಕಿನ ಚೋಳೇನಹಳ್ಳಿಯಲ್ಲಿ 1957ರಲ್ಲಿ ಹುಟ್ಟಿದವರು ಡಾ. ಸಿ. ಎನ್. ಮಂಜುನಾಥ್. ಮೈಸೂರಿನಲ್ಲಿ ವೈದ್ಯಪದವಿ, ಬೆಂಗಳೂರಿನಲ್ಲಿ ಎಂ.ಡಿ., ಮಂಗಳೂರಿನಲ್ಲಿ ಹೃದ್ರೋಗದ ಉನ್ನತ ವ್ಯಾಸಂಗ. 2006ರಿಂದ 2024ರ ಜನವರಿಯವರೆಗೆ ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯ ನಿರ್ದೇಶಕರು. 2024ರಲ್ಲಿ ಭಾರತೀಯ ಜನತಾ ಪಕ್ಷದಿಂದ ಲೋಕಸಭೆಗೆ ಆಯ್ಕೆಯಾದರು. ಅವರ ಪಕ್ಷ ಬೇರೆ, ನಮ್ಮ ದಾರಿ ಬೇರೆ. ಆದರೆ ಸರ್ಕಾರಿ ಆಸ್ಪತ್ರೆಯಲ್ಲಿ ಮೊದಲು ಚಿಕಿತ್ಸೆ, ದುಡ್ಡಿನ ಮಾತು ಆಮೇಲೆ ಎಂಬ ನಿಯಮವನ್ನು ನಡೆಸಿ ತೋರಿಸಿದ್ದನ್ನು ಒಪ್ಪದಿದ್ದರೆ ನ್ಯಾಯವಾಗದು.

ಅವರು ಹೆಸರು ಮಾಡಿದ ಒಂದು ಚಿಕಿತ್ಸೆ ಹೆಂಗಸರಿಗೇ ಹೆಚ್ಚು ಸಂಬಂಧಪಟ್ಟದ್ದು. ಇಕ್ಕಟ್ಟಿನ ಮನೆಯಲ್ಲಿ ಬೆಳೆಯುವ ಮಗುವಿಗೆ ಗಂಟಲುನೋವು ಬರುತ್ತದೆ. ಔಷಧಿ ಸಿಗದೆ ಹೋದರೆ ಕೆಲವರಿಗೆ ಕೀಲುನೋವಿನ ಜ್ವರವಾಗಿ, ಹೃದಯದ ಕವಾಟ ಕ್ರಮೇಣ ಗಡುಸಾಗಿ ಕಿರಿದಾಗುತ್ತದೆ. ಈ ಕವಾಟದ ರೋಗ ಗಂಡಸರಿಗಿಂತ ಹೆಂಗಸರಲ್ಲೇ ಹೆಚ್ಚು. ಬಸುರಿಯಲ್ಲಿ ರಕ್ತದ ಪ್ರಮಾಣ ಹೆಚ್ಚಿದಾಗ, ಅಡಗಿದ್ದ ರೋಗ ಏದುಸಿರಾಗಿ ಹೊರಬೀಳುತ್ತದೆ. ಜಪಾನಿನ ಡಾ. ಇನೋವೆ ಎದೆ ಕೊಯ್ಯದೆ, ತೊಡೆಯ ರಕ್ತನಾಳದಿಂದ ಬಲೂನು ತೂರಿಸಿ ಕವಾಟ ಬಿಡಿಸುವ ಉಪಾಯ ಕಂಡುಹಿಡಿದರು. ಮಂಜುನಾಥರು ಅಕ್ಯುರಾ ಎಂಬ ಬಲೂನಿನಿಂದ ಅದನ್ನು ಬಹುಸಂಖ್ಯೆಯಲ್ಲಿ ಮಾಡಿದರು.

ಇದು ಬಡತನದ ರೋಗ. ಗಂಟಲುನೋವಿನ ಹಂತದಲ್ಲೇ ಪೆನಿಸಿಲಿನ್ ಸಿಕ್ಕರೆ ಬಲೂನಿನ ಮಾತೇ ಬಾರದು.

ಇನ್ನು ಹೃದಯಾಘಾತ. ಹೆಂಗಸರಿಗೂ ಎದೆನೋವು ಬರುತ್ತದೆ. ಜೊತೆಗೆ, ಕೆಲವೊಮ್ಮೆ ಅದಿಲ್ಲದೆಯೂ, ಏದುಸಿರು, ಓಕರಿಕೆ, ದವಡೆ ಅಥವಾ ಬೆನ್ನಿನ ನೋವು, ವಿಪರೀತ ಸುಸ್ತು. ಮುಟ್ಟು ನಿಂತ ಮೇಲೆ ಅಪಾಯ ಏರುತ್ತದೆ. ನಾವೋ, ಗ್ಯಾಸ್ಟ್ರಿಕ್ ಎಂದು ಸೋಡಾ ಕುಡಿಸಿ ಮಲಗಿಸುತ್ತೇವೆ. ಗಂಡನಿಗೆ ನೋವಾದರೆ ಕಾರು ಬರುತ್ತದೆ. ಹೆಂಡತಿಗಾದರೆ ಬೆಳಗಾಗಲಿ ಎನ್ನುತ್ತೇವೆ. ಆಕೆಯೂ ಒಲೆ ಆರಿಸಿ, ಮಕ್ಕಳಿಗೆ ಬಡಿಸಿ, ಆಮೇಲೆ ಹೇಳುತ್ತಾಳೆ. ಅಷ್ಟರಲ್ಲಿ ಹೃದಯದ ಮಾಂಸ ಸತ್ತಿರುತ್ತದೆ.

ಹೆಪ್ಪುಗಟ್ಟಿದ ರಕ್ತ ಕರಗಿಸುವ ದುಬಾರಿ ಇಂಜೆಕ್ಷನ್ನನ್ನು ಸರ್ಕಾರಿ ಆಸ್ಪತ್ರೆಗಳಲ್ಲಿ ಬಿಟ್ಟಿಯಾಗಿ ಕೊಡಲು ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ ಯೋಜನೆ ಆರಂಭವಾಯಿತು. ಆದರೆ ರೋಗಿ ಹೊತ್ತಿಗೆ ಸರಿಯಾಗಿ ಬಂದರಷ್ಟೇ ಅದಕ್ಕೆ ಬೆಲೆ.

ಆದ್ದರಿಂದ ಸಂಗಾತಿಗಳೇ, ನಮ್ಮ ಬೇಡಿಕೆ ಎರಡು. ಸರ್ಕಾರದ ಮುಂದೆ: ಗಾರ್ಮೆಂಟ್ಸ್ ಗಿರಣಿಯ ಹೆಣ್ಣುಮಕ್ಕಳಿಗೂ, ಸಂತೆಯಲ್ಲಿ ಸೊಪ್ಪು ಮಾರುವವರಿಗೂ ವರ್ಷಕ್ಕೊಮ್ಮೆ ರಕ್ತದೊತ್ತಡ, ಸಕ್ಕರೆ, ಇ.ಸಿ.ಜಿ. ಪರೀಕ್ಷೆ ಆಗಲಿ, ಆ ದಿನದ ಕೂಲಿ ಕಡಿಯದಿರಲಿ. ನಮ್ಮ ಮನೆಗಳ ಮುಂದೆ: ಹೆಂಗಸು ಎದೆ ಹಿಡಿದು ಕೂತರೆ ಯಾರನ್ನೂ ಕೇಳುತ್ತ ನಿಲ್ಲದೆ 108ಕ್ಕೆ ಫೋನು ಮಾಡಿ. ಮೊದಲನೆಯದಕ್ಕೆ ಹೋರಾಟ ಬೇಕು. ಎರಡನೆಯದಕ್ಕೆ ಇವತ್ತಿನ ರಾತ್ರಿಯೇ ಸಾಕು.