ದೂರದ ಸಂಬಳ, ಹಳೆಯ ಊರು

(ಮುಕ್ಕುಂದದಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)



ರಾಯಚೂರು ಸೀಮೆಯವರಿಗೆ 'ಗುಳೆ' ಎಂಬ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಳೆ ಕೈಕೊಟ್ಟ ವರ್ಷ ಮುದುಕರನ್ನು ಊರಲ್ಲಿ ಬಿಟ್ಟು, ಗಂಟುಮೂಟೆ ಕಟ್ಟಿಕೊಂಡು ಬೆಂಗಳೂರಿಗೋ ಮುಂಬಯಿಗೋ ಹೋಗುವುದು ಗುಳೆ. ಕೆಲಸ ಇದ್ದಲ್ಲಿಗೆ ಮನುಷ್ಯ ಹೋಗಬೇಕು ಎಂಬುದು ಅದರ ನಿಯಮ. ಈಚಿನ ವರ್ಷಗಳಲ್ಲಿ ಇದಕ್ಕೆ ತೀರ ತಿರುವುಮುರುವಾದ ಇನ್ನೊಂದು ಬದುಕು ಕಾಣಿಸಿಕೊಂಡಿದೆ. ಮನುಷ್ಯ ತನಗೆ ಹಿಡಿಸಿದ ಊರಲ್ಲಿ ಕೂರುತ್ತಾನೆ; ಕೆಲಸವೇ ಇಂಟರ್ನೆಟ್ ಮೂಲಕ ಅವನ ಬಳಿಗೆ ಬರುತ್ತದೆ. ಕಚೇರಿ ಒಂದು ದೇಶದಲ್ಲಿ, ಕುರ್ಚಿ ಇನ್ನೊಂದು ದೇಶದಲ್ಲಿ. ಸಂಬಳ ದೊಡ್ಡ ನಗರದ್ದು, ಬಾಡಿಗೆ ಸಣ್ಣ ಊರಿನದು.

ಇಂಥವರು ಹುಡುಕಿಕೊಂಡು ಹೋಗುವುದು ಎಂಥ ಊರನ್ನು? ಹೆಚ್ಚಾಗಿ ಹಳೆಯ ಊರನ್ನು. ಕಲ್ಲುಹಾಸಿನ ಬೀದಿ, ದೊಡ್ಡ ಬಾಗಿಲಿನ ಮನೆ, ದೇವಾಲಯದ ಗಂಟೆ, ಸಂತೆ, ಅಗ್ಗದ ಊಟ ಅವರಿಗೆ ಬೇಕು. ಜಗತ್ತಿನಲ್ಲಿ ಇದಕ್ಕೆ ಹೆಸರಾದ ಊರುಗಳು ಮೆಕ್ಸಿಕೋ ದೇಶದಲ್ಲಿವೆ. ಆ ಊರುಗಳಿಗೂ ತುಂಗಭದ್ರೆಯ ದಂಡೆಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಸಂಬಂಧವಿದೆ ಎಂದು ತೋರಿಸುವುದೇ ಈ ಮಾತಿನ ಉದ್ದೇಶ.

ಬೆಳ್ಳಿಯ ದಾರಿಯ ಊರು

ಮೆಕ್ಸಿಕೋದ ಗ್ವಾನಾಹ್ವಾತೋ ರಾಜ್ಯದಲ್ಲಿ ಸಾನ್ ಮಿಗೆಲ್ ದೆ ಅಯೆಂದೆ ಎಂಬ ಊರಿದೆ. 1542ರಲ್ಲಿ ಸ್ಪೇನಿನ ಕ್ರೈಸ್ತ ಪಾದ್ರಿಯೊಬ್ಬರು ಅದನ್ನು ನೆಲೆಗೊಳಿಸಿದರು. ಆ ಭಾಗದ ಬೆಟ್ಟಗಳಲ್ಲಿ ಬೆಳ್ಳಿ ಸಿಕ್ಕಿದ ಮೇಲೆ ಊರಿನ ಹಣೆಬರಹ ಬದಲಾಯಿತು. ಗಣಿಗಳಿಂದ ರಾಜಧಾನಿಗೆ ಬೆಳ್ಳಿ ಹೊತ್ತ ಹೇಸರಗತ್ತೆಗಳ ಸಾಲು ಈ ಊರ ಮೇಲೆಯೇ ಹಾಯುತ್ತಿತ್ತು. 18ನೆಯ ಶತಮಾನದ ಹೊತ್ತಿಗೆ ವರ್ತಕರು, ಜಮೀನ್ದಾರರು ಅಲ್ಲಿ ಅರಮನೆಯಂಥ ಮನೆಗಳನ್ನು ಕಟ್ಟಿದ್ದರು. 1810ರಲ್ಲಿ ಸ್ವಾತಂತ್ರ್ಯ ಯುದ್ಧ ಆರಂಭವಾಯಿತು. ಊರಿನ ಹೆಸರಿನ ಕೊನೆಯಲ್ಲಿರುವ ಅಯೆಂದೆ ಆ ಯುದ್ಧದ ನಾಯಕರಲ್ಲೊಬ್ಬ, ಅದೇ ಊರಿನ ಮಗ. ಯುದ್ಧ ಮುಗಿಯುವಷ್ಟರಲ್ಲಿ ಗಣಿಗಳು ಕುಸಿದು ವ್ಯಾಪಾರ ನಿಂತಿತು. ಊರು ಬಡವಾಯಿತು. ಹಳೆಯ ಮನೆ ಕೆಡವಿ ಹೊಸದು ಕಟ್ಟಲು ಯಾರ ಬಳಿಯೂ ದುಡ್ಡಿರಲಿಲ್ಲವಾದ್ದರಿಂದ ಊರು ಹಾಗೆಯೇ ಉಳಿಯಿತು. ಎಷ್ಟೋ ಹಳೆಯ ಊರುಗಳ ಅಂದವನ್ನು ಕಾಪಾಡಿದ್ದು ಅವುಗಳ ಬಡತನ.

1937ರಲ್ಲಿ ಸ್ಟರ್ಲಿಂಗ್ ಡಿಕಿನ್‌ಸನ್ ಎಂಬ ಅಮೆರಿಕನ್ ಅಲ್ಲಿಗೆ ಬಂದು ನೆಲೆ ನಿಂತ. ಮರುವರ್ಷ ಪೆರು ದೇಶದ ಕಲಾವಿದ ಕೊಸ್ಸಿಯೊ ದೆಲ್ ಪೊಮಾರ್ ಅಲ್ಲಿ ಚಿತ್ರಕಲಾ ಶಾಲೆ ತೆರೆದ. ಡಿಕಿನ್‌ಸನ್ ಅದರಲ್ಲಿ ಅವನಿಗೆ ಜೊತೆಯಾದ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಅಮೆರಿಕ ಸರ್ಕಾರ ತನ್ನ ಮಾಜಿ ಸೈನಿಕರಿಗೆ ಓದಲು ಭತ್ಯೆ ಕೊಟ್ಟಿತು. ಆ ಭತ್ಯೆ ಹಿಡಿದು ಎಷ್ಟೋ ಮಂದಿ ಈ ಊರಿಗೆ ಬಂದರು. ಅಲ್ಲಿ ಮನೆ ಬಾಡಿಗೆ ತಿಂಗಳಿಗೆ 10 ಡಾಲರ್ ಎಂದು 1948ರಲ್ಲಿ 'ಲೈಫ್' ಪತ್ರಿಕೆ ಬರೆದಿತ್ತು. ದುಡ್ಡು ಬರುವುದು ಒಂದು ದೇಶದಿಂದ, ಬದುಕುವುದು ಇನ್ನೊಂದು ದೇಶದಲ್ಲಿ ಎಂಬ ಲೆಕ್ಕ ಅಲ್ಲಿ ಅಷ್ಟು ಹಿಂದೆಯೇ ಶುರುವಾಗಿತ್ತು. ಲ್ಯಾಪ್‌ಟಾಪ್ ಬಂದದ್ದು ಬಹಳ ತಡವಾಗಿ. 2008ರಲ್ಲಿ ಯುನೆಸ್ಕೋ ಈ ಊರನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ದೂರದಿಂದ ಬಂದವರು ಅಲ್ಲಿ ಬೀಳುತ್ತಿದ್ದ ಮನೆಗಳನ್ನು ರಿಪೇರಿ ಮಾಡಿಸಿದರು. ಗಾರೆಯವರಿಗೆ, ಬಡಗಿಗಳಿಗೆ, ಕಂಬಾರರಿಗೆ ಕೆಲಸ ಕೊಟ್ಟರು. ಇದು ಒಂದು ಮುಖ. ಇನ್ನೊಂದು ಮುಖವೂ ಇದೆ. ಒಂದು ಊರಿನ ಬಾಡಿಗೆ ಆ ಊರಿನ ದುಡಿಮೆಗೆ ತಕ್ಕಂತೆ ಇರುತ್ತದೆ. ಅಲ್ಲಿಯ ಮೇಷ್ಟರು, ರೊಟ್ಟಿ ಮಾರುವವಳು, ಬಸ್ಸಿನ ಚಾಲಕ ಎಷ್ಟು ಕೊಡಬಲ್ಲರೋ ಅಷ್ಟಕ್ಕೆ ಅದು ನಿಂತಿರುತ್ತದೆ. ಹೊರಗಿನ ಸಂಬಳದವರು ಬಂದಾಗ ಈ ತಕ್ಕಡಿ ವಾಲುತ್ತದೆ. ಮನೆಯ ಮಾಲೀಕನಿಗೆ ಲಾಭ, ಬಾಡಿಗೆಯಲ್ಲಿರುವವನು ಊರಾಚೆಗೆ. ಚೌಕದ ಸುತ್ತ ಇದ್ದ ಕಿರಾಣಿ ಅಂಗಡಿ ಕಾಫಿ ಅಂಗಡಿಯಾಗುತ್ತದೆ, ವಾಸದ ಮನೆ ವಸತಿಗೃಹವಾಗುತ್ತದೆ. ಗೋಡೆಗಳೆಲ್ಲ ಇದ್ದಲ್ಲೇ ಇರುತ್ತವೆ, ಒಳಗಿದ್ದವರು ಮಾತ್ರ ಇರುವುದಿಲ್ಲ.

ರಾಜಧಾನಿ ಮೆಕ್ಸಿಕೋ ನಗರದಲ್ಲಿ ಈ ಕಥೆ ಇನ್ನೂ ಬೇಗ ನಡೆಯಿತು. ದೂರದಿಂದ ಕೆಲಸ ಮಾಡುವ ವಿದೇಶಿಯರನ್ನು ಆಕರ್ಷಿಸಲು ಅಲ್ಲಿಯ ನಗರಾಡಳಿತ 2022ರ ಅಕ್ಟೋಬರಿನಲ್ಲಿ ಏರ್‌ಬಿಎನ್‌ಬಿ ಕಂಪನಿ ಮತ್ತು ಯುನೆಸ್ಕೋ ಜೊತೆ ಕೈಜೋಡಿಸಿತು. ಮೂರು ವರ್ಷ ತುಂಬುವ ಮೊದಲೇ, 2025ರ ಜುಲೈನಲ್ಲಿ, ಬಾಡಿಗೆಯ ಏರಿಕೆ ವಿರುದ್ಧ ಅದೇ ನಗರದ ಜನ ಬೀದಿಗಿಳಿದರು. ಕೊಂದೇಸಾ, ರೋಮಾ ಬಡಾವಣೆಗಳಲ್ಲಿ ಅಂಗಡಿಗಳ ಗಾಜು ಒಡೆದವು.

ನಮ್ಮಲ್ಲಿಯ ಮೊದಲ ಉದಾಹರಣೆ

ಇದೆಲ್ಲ ಕಂಪ್ಯೂಟರಿನ ಕಾಲದ ಮಾತು, ನಮಗೆ ಹೊಸದು ಎಂದುಕೊಳ್ಳಬೇಡಿ. ದೂರದ ಆಜ್ಞೆಯ ಮೇಲೆ ನಮ್ಮ ನಾಡಿನಲ್ಲಿ ಕೂತು ಕೆಲಸ ಮಾಡಿದವರ ಗುರುತು ಸುಮಾರು 2,250 ವರ್ಷ ಹಿಂದಿನದು.

ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮುರು ಸೀಮೆಯಲ್ಲಿ ಬಿ.ಎಲ್. ರೈಸ್ ಅವರು 1892ರಲ್ಲಿ ಅಶೋಕನ ಮೂರು ಶಾಸನಗಳನ್ನು ಪತ್ತೆ ಮಾಡಿದರು. ಅವುಗಳಲ್ಲಿ ಬ್ರಹ್ಮಗಿರಿಯ ಶಾಸನ ಒಂದು ಸರ್ಕಾರಿ ಪತ್ರದಂತೆ ಆರಂಭವಾಗುತ್ತದೆ: ಸುವರ್ಣಗಿರಿಯಲ್ಲಿರುವ ರಾಜಕುಮಾರ ಮತ್ತು ಮಹಾಮಾತ್ರರ ಕಡೆಯಿಂದ ಇಸಿಲದ ಮಹಾಮಾತ್ರರಿಗೆ ಕ್ಷೇಮ ವಿಚಾರಣೆ, ಆಮೇಲೆ ಆಜ್ಞೆ. ಸುವರ್ಣಗಿರಿ ಯಾವುದು ಎಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಮಸ್ಕಿಯೆಂದು ಕೆಲವರು, ಕನಕಗಿರಿಯೆಂದು ಕೆಲವರು, ಆಂಧ್ರದ ಜೊನ್ನಗಿರಿಯೆಂದು ಮತ್ತೆ ಕೆಲವರು. ಸ್ವಾರಸ್ಯದ ಸಂಗತಿ ಶಾಸನದ ಕೊನೆಯಲ್ಲಿದೆ. ಬರೆದವನು ತನ್ನ ಹೆಸರು ಚಪಡ ಎಂದು ಹೇಳಿಕೊಂಡಿದ್ದಾನೆ. ಇಡೀ ಶಾಸನ ಬ್ರಾಹ್ಮಿ ಲಿಪಿಯಲ್ಲಿದ್ದರೂ ತಾನು ಲಿಪಿಕಾರ ಎಂಬ ಒಂದು ಪದವನ್ನು ಮಾತ್ರ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಬರೆದಿದ್ದಾನೆ. ಖರೋಷ್ಠಿ ಇಂದಿನ ಪಾಕಿಸ್ತಾನ, ಅಫ್ಘಾನಿಸ್ತಾನದ ಕಡೆಯ ಲಿಪಿ. ಈ ನಾಡಿನಲ್ಲಿ ಅದನ್ನು ಓದಬಲ್ಲವರು ಇದ್ದಿರಲಾರರು. ವಾಯವ್ಯದಲ್ಲಿ ಅಕ್ಷರ ಕಲಿತವನೊಬ್ಬ ಇಲ್ಲಿಯ ಬಂಡೆಯ ಮೇಲೆ ಯಾರೂ ಓದದ ತನ್ನ ಗುರುತನ್ನು ಬಿಟ್ಟುಹೋದ. ಅದು ಊರಿನ ನೆನಪಿನಿಂದಲೋ, ವಿದ್ಯೆಯ ಹೆಮ್ಮೆಯಿಂದಲೋ, ಊಹೆಗೆ ಬಿಟ್ಟದ್ದು.

ನಿಮಗೆ ಹತ್ತಿರದ ಮಸ್ಕಿಗೆ ಬನ್ನಿ. 1915ರಲ್ಲಿ ಸಿ. ಬೀಡನ್ ಎಂಬ ಗಣಿ ಎಂಜಿನಿಯರ್ ಚಿನ್ನದ ಜಾಡು ಹಿಡಿದು ನಿಜಾಮರ ಸೀಮೆಯ ಈ ಗುಡ್ಡಗಳಲ್ಲಿ ತಿರುಗುತ್ತಿದ್ದ. ಅವನ ಕಣ್ಣಿಗೆ ಬಿದ್ದದ್ದು ಚಿನ್ನವಲ್ಲ, ಅಕ್ಷರ. ಅಲ್ಲಿಯವರೆಗೆ ಸಿಕ್ಕಿದ್ದ ಶಾಸನಗಳಲ್ಲಿ ರಾಜನಿಗೆ 'ದೇವಾನಂಪ್ರಿಯ', 'ಪ್ರಿಯದರ್ಶಿ' ಎಂಬ ಬಿರುದುಗಳಷ್ಟೇ ಇದ್ದವು. ಮಸ್ಕಿಯ ಬಂಡೆಯಲ್ಲಿ ಅಶೋಕ ಎಂಬ ಹೆಸರೇ ಇತ್ತು. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಪ್ರಾಚೀನರು 600 ಅಡಿಗೂ ಆಳಕ್ಕೆ ತೋಡಿದ ಕುಳಿಗಳಿವೆ. ಅಂದರೆ ಸಾನ್ ಮಿಗೆಲ್‌ಗೆ ಬೆಳ್ಳಿ ಹೇಗೋ ಈ ಸೀಮೆಗೆ ಚಿನ್ನ ಹಾಗೆ. ಹೊರಗಿನ ಜನ, ಹೊರಗಿನ ದುಡ್ಡು ಇಲ್ಲಿಗೆ ಎಂದೂ ಅಪರಿಚಿತವಲ್ಲ.

ಹಂಪಿಯ ಎರಡು ಪಾಠ

ಹೊರಗಿನವರು ಬಂದು ಇರುವುದರಿಂದ ಊರಿಗೆ ಕೇಡೇ ಆಗಬೇಕೆಂದಿಲ್ಲ. 1980ರಿಂದ ಎರಡು ದಶಕಕ್ಕೂ ಹೆಚ್ಚು ಕಾಲ ಜಾನ್ ಫ್ರಿಟ್ಸ್ ಮತ್ತು ಜಾರ್ಜ್ ಮಿಷೆಲ್ ಎಂಬ ವಿದ್ವಾಂಸರು ಹಂಪಿಯಲ್ಲಿ ಬಿಡಾರ ಹೂಡಿ, ವಿಜಯನಗರದ ಅವಶೇಷಗಳನ್ನು ಅಳೆದು ನಕ್ಷೆ ಮಾಡಿದರು. ಅವರ ಬದುಕಿಗೆ ಆಧಾರ ದೂರದ ದೇಶದ್ದು. ಅವರ ದುಡಿಮೆಯ ಫಲ ಇಲ್ಲಿಯದು. ಈ ನಕ್ಷೆಗಳ ಹಂಗಿಲ್ಲದೆ ಇಂದು ಹಂಪಿಯನ್ನು ಓದುವಂತಿಲ್ಲ.

ಇನ್ನೊಂದು ಪಾಠ ಕಹಿಯಾದದ್ದು. 1986ರಲ್ಲಿ ಹಂಪಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ವಿರೂಪಾಕ್ಷ ಬಜಾರಿನ ಹಳೆಯ ಸಾಲುಮಂಟಪಗಳಲ್ಲಿ ವಾಸ, ವ್ಯಾಪಾರ ಎರಡನ್ನೂ ಮಾಡಿಕೊಂಡಿದ್ದವರನ್ನು 2011ರ ಜುಲೈನಲ್ಲಿ ತೆರವು ಮಾಡಲಾಯಿತು. ಹೊಳೆಯಾಚೆಯ ವಿರೂಪಾಪುರ ಗಡ್ಡೆಯ ರೆಸಾರ್ಟುಗಳನ್ನು ಸುಪ್ರೀಂ ಕೋರ್ಟಿನ 2020ರ ಫೆಬ್ರವರಿಯ ತೀರ್ಪಿನ ಬೆನ್ನಲ್ಲೇ ಮಾರ್ಚಿಯಲ್ಲಿ ಕೆಡವಲಾಯಿತು. ಸ್ಮಾರಕಗಳ ರಕ್ಷಣೆಗೆ ಕಾನೂನು ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಫಲಿತಾಂಶವನ್ನು ನೋಡಿ. ಸಾನ್ ಮಿಗೆಲ್‌ನಲ್ಲಿ ಊರಿನವರನ್ನು ಊರ ನಡುವಿನಿಂದ ಸರಿಸಿದ್ದು ಬಾಡಿಗೆ. ಹಂಪಿಯಲ್ಲಿ ಸರಿಸಿದ್ದು ಕಾನೂನು. ಎರಡು ಕಡೆಯೂ ಕಲ್ಲು ಉಳಿಯಿತು, ಒಕ್ಕಲು ಕದಲಿತು.

ಆ ಮಾರ್ಚ್ ತಿಂಗಳಲ್ಲೇ ದೇಶದಲ್ಲಿ ಲಾಕ್‌ಡೌನ್ ಬಂತೆಂಬುದು ಕಾಕತಾಳೀಯ. ಬೆಂಗಳೂರಿನ ಕಂಪನಿಗಳ ಹುಡುಗ ಹುಡುಗಿಯರು ತಮ್ಮ ತಮ್ಮ ಊರುಗಳಿಗೆ ಬಂದು, ಸಿಗ್ನಲ್ ಸಿಕ್ಕ ಕಟ್ಟೆ ಮಾಳಿಗೆಗಳ ಮೇಲೆ ಕೂತು ಅಮೆರಿಕದ ಕೆಲಸ ಮಾಡಿದರು. ಕನ್ನಡ ನಾಡಿನ ಹಳ್ಳಿಗಳು ದೂರದ ಸಂಬಳವನ್ನು ಈ ರೂಪದಲ್ಲಿ ಕಂಡದ್ದು ಆಗ.

ಕ್ಯಾಂಪುಗಳ ನೆನಪು

ಆದರೆ ಸಿಂಧನೂರಿನವರಿಗೆ ಇದಕ್ಕಿಂತ ಹಳೆಯ ಅನುಭವವೊಂದಿದೆ. 1953ರಲ್ಲಿ ತುಂಗಭದ್ರಾ ಅಣೆಕಟ್ಟಿನ ನೀರು ಎಡದಂಡೆ ಕಾಲುವೆಗೆ ಹರಿಯಿತು. ಕರಾವಳಿ ಆಂಧ್ರದ ರೈತರು ದುಡ್ಡು ಹಿಡಿದು ಬಂದರು. ಬಿಳಿಜೋಳ, ಹತ್ತಿ ಬೆಳೆಯುತ್ತಿದ್ದ ಎರೆಹೊಲಕ್ಕೆ ಇಲ್ಲಿಯವರ ಲೆಕ್ಕದಲ್ಲಿ ಒಂದು ಬೆಲೆ, ಭತ್ತದ ಗದ್ದೆ ಮಾಡಬಲ್ಲವರ ಲೆಕ್ಕದಲ್ಲಿ ಇನ್ನೊಂದು ಬೆಲೆ. ಆ ಅಂತರದಲ್ಲಿ ಎಷ್ಟೋ ಜಮೀನು ಕೈ ಬದಲಾಯಿತು. ಮಾರಿದವರು ಕೈತುಂಬ ದುಡ್ಡು ಬಂತೆಂದು ಹಿಗ್ಗಿದರು. ಅವರ ಮಕ್ಕಳಲ್ಲಿ ಕೆಲವರು ಅದೇ ಹೊಲದಲ್ಲಿ ಕೂಲಿಗೆ ನಿಂತರು. ಹಾಗೆಂದು ಬಂದವರನ್ನು ಹಳಿಯುವಂತಿಲ್ಲ. ಅವರು ಇಲ್ಲಿಯೇ ಬೆವರು ಸುರಿಸಿದರು, ಭತ್ತದ ಬೇಸಾಯ ಕಲಿಸಿದರು, ಸಿಂಧನೂರನ್ನು ಅಕ್ಕಿಯ ಪೇಟೆಯಾಗಿಸಿದರು. ಊರ ಹೆಸರಿನ ಮುಂದೆ 'ಕ್ಯಾಂಪ್' ಉಳಿದರೂ ಅವರ ಮಕ್ಕಳು ಕನ್ನಡ ಶಾಲೆಯಲ್ಲಿ ಓದಿದರು. ಬರಿಗೈಲಿ ಬಂದ ಬಂಗಾಳಿ ನಿರಾಶ್ರಿತರ ಕ್ಯಾಂಪುಗಳೂ ಇದೇ ತಾಲ್ಲೂಕಿನಲ್ಲಿವೆ.

ಈ ಅನುಭವ ಎರಡು ಸಂಗತಿ ಹೇಳುತ್ತದೆ. ಹೊರಗಿನ ದುಡ್ಡು ಬಂದಾಗ ಮಾರಿದವನು ಒಮ್ಮೆ ಗೆಲ್ಲುತ್ತಾನೆ, ಉಳಿಸಿಕೊಂಡವನು ಮತ್ತೆ ಮತ್ತೆ ಗೆಲ್ಲುತ್ತಾನೆ. ಮತ್ತು, ಬಂದವನ ಕೆಲಸ ಈ ನೆಲಕ್ಕೆ ಅಂಟಿಕೊಂಡಿದ್ದರೆ ಕಾಲಕ್ರಮದಲ್ಲಿ ಅವನೂ ಊರಿನವನಾಗುತ್ತಾನೆ. ಲ್ಯಾಪ್‌ಟಾಪಿನ ಕೆಲಸಕ್ಕೆ ಈ ಅಂಟು ಇಲ್ಲ. ಕಾಲುವೆಯಲ್ಲಿ ನೀರು ಬಾರದಿದ್ದರೆ ಕ್ಯಾಂಪಿನ ರೈತನೂ ಕಾಲುವೆಯ ಕೊನೆಯ ರೈತನೂ ಒಟ್ಟಿಗೆ ಹೋರಾಟಕ್ಕೆ ಕೂರುತ್ತಾರೆ. ದೂರದ ಸಂಬಳದವನಿಗೆ ಸಿಗ್ನಲ್ ಇದ್ದರೆ ಸಾಕು. ಅದು ಹೋದರೆ ಅವನು ಇನ್ನೊಂದು ಊರಿಗೆ ಹೋಗಬಲ್ಲ.

ಪಂಚಾಯಿತಿಯ ಲೆಕ್ಕವನ್ನೂ ನೋಡಬೇಕು. ಅವನ ಆದಾಯ ತೆರಿಗೆ ಕೇಂದ್ರಕ್ಕೆ, ವೃತ್ತಿ ತೆರಿಗೆ ರಾಜ್ಯಕ್ಕೆ. ಅವನು ನಡೆಯುವ ಬೀದಿ, ಕುಡಿಯುವ ನೀರು, ಎಸೆಯುವ ಕಸ ನೋಡಿಕೊಳ್ಳುವ ಗ್ರಾಮ ಪಂಚಾಯಿತಿಗೆ ನೇರವಾಗಿ ಸಿಗುವುದು ಮನೆ ಕಂದಾಯ, ನೀರಿನ ಕರ ಇಷ್ಟೆ. ಉಳಿದದ್ದು ಅವನ ಮನಸ್ಸಿಗೆ ಬಿಟ್ಟದ್ದು.

ಹಾಗಾದರೆ ಏನು ಮಾಡಬೇಕು? ಬರುವವರನ್ನು ತಡೆಯುವುದು ಪರಿಹಾರವಲ್ಲ. ಬರುವವರಲ್ಲಿ ನಿಮ್ಮದೇ ಮಕ್ಕಳಿದ್ದಾರೆ. ನಾಳೆ ಯಾರಾದರೂ ಹೊಳೆದಂಡೆಯ ಹಳೆಯ ಮನೆಗೆ ಗಿರಾಕಿಯಾಗಿ ಬಂದರೆ ಬಾಡಿಗೆಗೆ ಕೊಡಿ, ಮಾರಬೇಡಿ. ರಿಪೇರಿಗೆ ಊರಿನ ಗಾರೆಯವರನ್ನೇ ಕರೆಸಬೇಕೆಂದು ಕರಾರಿನಲ್ಲಿ ಬರೆಸಿ. ಸಾನ್ ಮಿಗೆಲ್‌ನ ಪ್ರಸಿದ್ಧ ಚರ್ಚಿನ ಮುಂಭಾಗವನ್ನು 19ನೆಯ ಶತಮಾನದಲ್ಲಿ ಕಟ್ಟಿದವನು ಅಲ್ಲಿಯ ಒಬ್ಬ ಮೇಸ್ತ್ರಿ. ಯುರೋಪಿನ ಚರ್ಚುಗಳ ಚಿತ್ರ ನೋಡಿಯೇ ಕಟ್ಟಿದನೆಂದು ಪ್ರತೀತಿ. ಊರಿನ ಕೈಗೆ ಆ ಶಕ್ತಿಯಿದೆ. ದೂರದ ಕೆಲಸ ಹಿಡಿದು ಮರಳಿದ ಹುಡುಗ ವಾರಕ್ಕೆ ಒಂದು ಸಂಜೆ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ ಕೂತು ನಾಲ್ಕು ಮಕ್ಕಳಿಗೆ ತನ್ನ ವಿದ್ಯೆ ಹೇಳಿಕೊಡಲಿ. ಇಲ್ಲದಿದ್ದರೆ ಒಂದೇ ಬೀದಿಯಲ್ಲಿ ಒಂದು ಮನೆಗೆ ಕೆಲಸ ತಾನಾಗಿ ಬರುತ್ತದೆ, ಪಕ್ಕದ ಮನೆಯವರು ಕೆಲಸ ಹುಡುಕಿ ಗುಳೆ ಹೋಗುತ್ತಾರೆ. ಇಟ್ಟಿಗೆ ಹೊರುವ ಕೆಲಸವನ್ನು ಕೂತಲ್ಲಿಂದ ಮಾಡುವಂತಿಲ್ಲವಲ್ಲ.

ಚಪಡ ತನ್ನ ಊರ ಲಿಪಿಯನ್ನು ಒಂದೇ ಪದಕ್ಕೆ ಬಳಸಿದ, ಉಳಿದದ್ದನ್ನೆಲ್ಲ ಇಲ್ಲಿಗೆ ಬಂದ ಆಜ್ಞೆಗಾಗಿ ಬರೆದ. ಹಳೆಯ ಊರಿಗೆ ಬಂದು ಇರುವವರಿಗೆ ಆ ಪ್ರಮಾಣ ಒಳ್ಳೆಯ ಅಳತೆ.