ಮೂರು ಕಾಗದ, ಮೂರು ಹೆಸರು: ಅಂಗವಿಕಲರ ಪಗಾರ ಎಲ್ಲಿ ನಿಲ್ತದ?

(ಅಕ್ಕಲಕೋಟೆ ಭಾಗದ ಗಡಿ ಕನ್ನಡ ಯುವಕರ ಸಭೆಯಲ್ಲಿ ಆಡಿದ ಮಾತು. ಬೇರೆ ತಾಲೂಕಿನವರೂ ಕೇಳಿದ್ದರಿಂದ ಬರೆದು ಹಾಕಿದ್ದೇವೆ.)

 

ನನಗೆ ಕೊಟ್ಟ ವಿಷಯ ಅಂಗವಿಕಲರಿಗೆ ಸಿಗುವ ಸರ್ಕಾರಿ ಸವಲತ್ತು. ಯೋಜನೆಗಳ ಪಟ್ಟಿ ಓದಿ ಕೂತುಬಿಡಬಹುದಿತ್ತು, ಆದರೆ ಆ ಪಟ್ಟಿ ನಿಮ್ಮ ಮೊಬೈಲ್‌ನಲ್ಲೇ ಸಿಗುತ್ತದೆ. ನಾನು ಬ್ಯಾಂಕಿನ ಕೌಂಟರ್‌ನಲ್ಲಿ ಕೂಡುವವ. ಅಲ್ಲಿ ಕೂತರೆ ಬೇರೆಯದೇ ಕಾಣುತ್ತದೆ. ಯೋಜನೆ ಇದೆ, ಅರ್ಹತೆ ಇದೆ, ಮಂಜೂರಿ ಪತ್ರವೂ ಕೈಯಲ್ಲಿದೆ. ಪಾಸ್‌ಬುಕ್ ಪ್ರಿಂಟ್ ಹಾಕಿಸಿದರೆ ದುಡ್ಡು ಮಾತ್ರ ಇಲ್ಲ. ಯಾಕೆ ಅಂತ ಹುಡುಕುತ್ತ ಹೋದರೆ ಬಹಳ ಸಲ ಸಿಗುವ ಉತ್ತರ ಒಂದೇ. ಹೆಸರು ಕೂಡಿಲ್ಲ. ಗಡಿಯಲ್ಲಿರುವ ನಮ್ಮ ಹೆಸರು ಕಾಗದದಿಂದ ಕಾಗದಕ್ಕೆ ಬದಲಾಗುತ್ತದೆ.

ಒಂದು ಉದಾಹರಣೆ ಹೇಳ್ತೀನಿ, ಹೆಸರು ನಾನೇ ಕಟ್ಟಿದ್ದು. ಶರಣವ್ವ ಬಿರಾದಾರ ಅಂತ ಒಬ್ಬ ಅವ್ವ ಇದ್ದಾಳೆ ಅನ್ಕೊಳ್ರಿ. ತವರು ಇಂಡಿ ತಾಲೂಕು, ಕೊಟ್ಟಿದ್ದು ನಮ್ಮ ಕಡೆ. ಕನ್ನಡ ಶಾಲೆಯ ದಾಖಲೆಯಲ್ಲಿ ಆಕೆ ಶರಣವ್ವ, ಅಪ್ಪನ ಹೆಸರಿನ ಸಂಗಡ. ರೇಶನ್ ಕಾರ್ಡಿನಲ್ಲಿ ಬರೆದುಕೊಂಡವರು ಮರಾಠಿಯವರು, ಅವರ ರೂಢಿಯಂತೆ 'ಶರಣಬಾಯಿ' ಮಾಡಿದರು. ಅಡ್ಡಹೆಸರು ಬಿರಾದಾರ ಹೋಗಿ 'ಬಿರಾಜದಾರ' ಆಯಿತು. ಆಧಾರ್ ತೆಗೆಯುವ ಹುಡುಗ ಇಂಗ್ಲಿಷಿನಲ್ಲಿ 'ವ್ವ' ಅನ್ನೋದಕ್ಕೆ ಎರಡು ಡಬ್ಲ್ಯೂ ಹಾಕಿದ, ಬ್ಯಾಂಕಿನಲ್ಲಿ ಎರಡು ವಿ ಹಾಕಿದರು. ಮನುಷ್ಯಳು ಒಬ್ಬಳೇ. ಕಂಪ್ಯೂಟರ್‌ಗೆ ನಾಲ್ಕು ಜನ. ಅನಂತಪುರ, ಮಡಕಶಿರಾ ಕಡೆಯವರಿಗೆ ಇದೇ ಕಥೆ ಬೇರೆ ರೀತಿ. ತೆಲುಗಿನವರು ಮನೆತನದ ಹೆಸರು ಮೊದಲಿಗೆ ಬರೆಯುತ್ತಾರೆ, ನಾವು ಕೊನೆಗೆ ಬರೆಯುತ್ತೇವೆ.

ಹಾಗಾಗಿ ಮೊದಲ ಕೆಲಸ ಅರ್ಜಿ ತುಂಬೋದಲ್ಲ. ಆಧಾರ್, ರೇಶನ್ ಕಾರ್ಡ್, ಪಾಸ್‌ಬುಕ್ ಮೂರನ್ನೂ ಒಂದರ ಪಕ್ಕ ಒಂದು ಇಟ್ಟು ಅಕ್ಷರ ಅಕ್ಷರ ಓದೋದು. ಹೆಸರು, ಅಡ್ಡಹೆಸರು, ಹುಟ್ಟಿದ ದಿನ, ಊರು. ಆಧಾರ್ ತಪ್ಪಿದ್ದರೆ ಅದನ್ನು ಮೊದಲು ಸರಿ ಮಾಡಿಸಿ, ಉಳಿದದ್ದನ್ನು ಅದಕ್ಕೆ ಹೊಂದಿಸ್ರಿ. ಬ್ಯಾಂಕಿನಲ್ಲಿ ಹೆಸರು ಸರಿ ಮಾಡಲು ಹೊಸ ಕೆವೈಸಿ ಫಾರ್ಮ್, ಆಧಾರ್ ಪ್ರತಿ ಕೊಟ್ಟರೆ ಆಗುತ್ತದೆ. ಇದಕ್ಕೆ ಏಜೆಂಟ್ ಬೇಕಿಲ್ಲ.

ಈಗ ಪ್ರಮಾಣಪತ್ರದ ಮಾತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಬಂದ ಮೇಲೆ 21 ಬಗೆಯ ಅಂಗವೈಕಲ್ಯಗಳು ಲೆಕ್ಕಕ್ಕೆ ಬರುತ್ತವೆ. ಜನರ ತಲೆಯಲ್ಲಿ ಇನ್ನೂ ಕೈ, ಕಾಲು, ಕಣ್ಣು, ಕಿವಿ ಇಷ್ಟೇ ಇದೆ. ಆದರೆ ಥಲಸ್ಸೀಮಿಯಾ, ಹೀಮೊಫಿಲಿಯಾ, ಸಿಕಲ್ ಸೆಲ್, ಪಾರ್ಕಿನ್ಸನ್ಸ್, ಮಾನಸಿಕ ಕಾಯಿಲೆ, ಆಟಿಸಂ, ಆಸಿಡ್ ದಾಳಿಗೆ ಒಳಗಾದವರು, ಕುಷ್ಠ ವಾಸಿಯಾದವರು ಎಲ್ಲರೂ ಅದರಲ್ಲಿದ್ದಾರೆ. ನಿಮ್ಮ ಓಣಿಯಲ್ಲಿ 'ಅವನಿಗೆ ಏನೂ ಆಗಿಲ್ಲ, ಬರೀ ಮಂಕು' ಅಂತ ಬಿಟ್ಟ ಹುಡುಗ ಇರಬಹುದು. ಅವನೂ ಲೆಕ್ಕಕ್ಕೆ ಬರಬಹುದು. (ಕಾಗದದಲ್ಲಿ ಈಗ 'ದಿವ್ಯಾಂಗ' ಅಂತಾರೆ. ಯಾವ ಪದ ಸರಿ ಅನ್ನೋ ಚರ್ಚೆ ನನಗೆ ದೊಡ್ಡದಲ್ಲ. ಊರಲ್ಲಿ 'ಕುಂಟ' ಅಂತ ಹೆಸರಿಗೆ ಹಚ್ಚಿ ಕರೆಯೋದು ಬಿಟ್ಟರೆ ಸಾಕು.)

ಪ್ರಮಾಣಪತ್ರ ಮತ್ತು ಯುಡಿಐಡಿ ಕಾರ್ಡ್ ಎರಡಕ್ಕೂ ಅರ್ಜಿ ಒಂದೇ, ಸ್ವಾವಲಂಬನ್ ಪೋರ್ಟಲ್‌ನಲ್ಲಿ. ಅರ್ಜಿ ಹಾಕುವಾಗ ಯಾವ ಆಸ್ಪತ್ರೆಯಲ್ಲಿ ತಪಾಸಣೆ ಅಂತ ಆರಿಸಬೇಕು. ಇಲ್ಲಿ ಗಡಿಯವರು ತಿಳಿಯಬೇಕಾದ ಒಂದು ವಿಷಯ ಇದೆ. ನಿಯಮದ ಪ್ರಕಾರ ನೀವು ವಾಸ ಇರುವ ಜಿಲ್ಲೆಯ ವೈದ್ಯಕೀಯ ಪ್ರಾಧಿಕಾರಕ್ಕೆ ಅರ್ಜಿ ಹಾಕಬಹುದು. ಅಥವಾ ಆ ತೊಂದರೆಗೆ ಚಿಕಿತ್ಸೆ ಪಡೆದ ಸರ್ಕಾರಿ ಆಸ್ಪತ್ರೆಯ ಪ್ರಾಧಿಕಾರಕ್ಕೂ ಹಾಕಬಹುದು. ನಮ್ಮವರು ಕಲಬುರಗಿಗೋ ವಿಜಯಪುರಕ್ಕೋ ತೋರಿಸಲು ಹೋಗುವುದು ಹೊಸದೇನಲ್ಲ. ಆ ಕಾಗದಗಳನ್ನು 'ಕರ್ನಾಟಕದ್ದು, ಇಲ್ಲಿ ನಡೆಯಲ್ಲ' ಅಂತ ಮನೆಯಲ್ಲಿ ಬಿಟ್ಟು ಹೋಗಬೇಡ್ರಿ. ಹಳೆಯ ಎಕ್ಸ್‌ರೇ, ಡಿಸ್ಚಾರ್ಜ್ ಚೀಟಿ ಎಲ್ಲ ಒಯ್ರಿ. ಕಾರ್ಡ್ ಸಿಕ್ಕ ಮೇಲೆ ಅದು ದೇಶಕ್ಕೆಲ್ಲ ನಡೆಯುತ್ತದೆ.

ಮಾಸಿಕ ಅನುದಾನಕ್ಕೆ ಶೇಕಡಾ 40 ಅಥವಾ ಹೆಚ್ಚು ಇರಬೇಕು. ಡಾಕ್ಟರು ಕಡಿಮೆ ಬರೆದರು ಅನ್ನಿಸಿದರೆ ಮೇಲ್ಮನವಿಗೆ ಕಾಯ್ದೆಯಲ್ಲೇ ಅವಕಾಶ ಇದೆ. ಪ್ರಮಾಣಪತ್ರ ನಿರಾಕರಿಸಿದರೆ ಕಾರಣವನ್ನು ಬರವಣಿಗೆಯಲ್ಲಿ ಕೊಡಬೇಕು. ಬಾಯಿಮಾತಿಗೆ ತಿರುಗಿ ಬರಬೇಡ್ರಿ. ಇನ್ನೊಂದು: ಕಾರ್ಡಿನ ಮೇಲೆ 'ತಾತ್ಕಾಲಿಕ' ಅಂತಿದ್ದು ಕೊನೆಯ ದಿನಾಂಕ ಇದ್ದರೆ ಅದನ್ನು ಈಗಲೇ ಮೊಬೈಲ್‌ನಲ್ಲಿ ನೆನಪಿಗೆ ಹಾಕಿಡ್ರಿ. ಅವಧಿ ಮುಗಿದರೆ ಪಗಾರವೂ ನಿಂತೀತು.

ಭಾಷೆ ಅಡ್ಡ ಬರುವ ದೊಡ್ಡ ಜಾಗ ಯಾವುದು ಗೊತ್ತೇನು? ಬುದ್ಧಿ ಬೆಳವಣಿಗೆ ಕಡಿಮೆ ಇರುವ ಮಕ್ಕಳ ತಪಾಸಣೆ. ಕಾಲು ಅಳೆಯೋದಕ್ಕೆ ಭಾಷೆ ಬೇಡ. ಬುದ್ಧಿ ಅಳೆಯೋದಕ್ಕೆ ಬೇಕು. ಅಲ್ಲಿ ವೈನ್‌ಲ್ಯಾಂಡ್ ಸೋಶಿಯಲ್ ಮೆಚ್ಯೂರಿಟಿ ಸ್ಕೇಲ್ ಅನ್ನುವ ಪ್ರಶ್ನಾವಳಿ ಬಳಸುತ್ತಾರೆ. ಅದರಲ್ಲಿ ಪ್ರಶ್ನೆ ಕೇಳೋದು ಹೆಚ್ಚಾಗಿ ತಾಯಿಯನ್ನು: ಮಗ ತಾನೇ ಉಣ್ಣುತ್ತಾನಾ, ಗುಂಡಿ ಹಾಕಿಕೊಳ್ಳುತ್ತಾನಾ, ಒಬ್ಬನೇ ಅಂಗಡಿಗೆ ಹೋಗಿ ಬರುತ್ತಾನಾ? ಆ ಉತ್ತರಗಳ ಮೇಲೆ ಅಂಕ, ಅಂಕದ ಮೇಲೆ ಶೇಕಡಾವಾರು. ಸೌಮ್ಯ ಅಂತಾದರೆ ಶೇ. 50, ಮಧ್ಯಮ ಅಂದರೆ ಶೇ. 75, ತೀವ್ರ ಅಂದರೆ ಶೇ. 90.

ಈಗ ಯೋಚನೆ ಮಾಡ್ರಿ. ತಾಯಿಗೆ ಬರೋದು ಕನ್ನಡ, ಪ್ರಶ್ನೆ ಮರಾಠಿಯಲ್ಲಿ. ಅರ್ಧ ತಿಳಿದು ಅರ್ಧ ತಿಳಿಯದೆ 'ಹೋ, ಹೋ' ಅಂತ ತಲೆ ಆಡಿಸುತ್ತಾಳೆ. ಮರಾಠಿಯಲ್ಲಿ 'ಹೋ' ಅಂದರೆ ಹೌದು. ಅದರ ಮೇಲೆ ಮಗನ ಬಗ್ಗೆ ಕೀಳಾಗಿ ಹೇಳಲು ಯಾವ ತಾಯಿಗೂ ಮನಸ್ಸು ಬರೋದಿಲ್ಲ. 'ತಾನೇ ಉಣ್ತಾನ' ಅಂತಾಳೆ. ಕಲಸಿ, ತುತ್ತು ಮಾಡಿ, ಎದುರಿಗೆ ಕೂತು ಉಣ್ಣಿಸೋದು ತಾನೇ ಅನ್ನೋದು ಆಕೆಗೆ ಹೇಳಬೇಕಾದ ಮಾತು ಅಂತಲೇ ಅನ್ನಿಸೋದಿಲ್ಲ. ಹೀಗೆ ಒಂದು ಮಗುವಿನ ಶೇಕಡಾವಾರು ಕೆಳಗೆ ಇಳಿಯುತ್ತದೆ. ಇದರಲ್ಲಿ ಡಾಕ್ಟರ ತಪ್ಪೂ ಇಲ್ಲ, ಅವ್ವನ ತಪ್ಪೂ ಇಲ್ಲ. ನಡುವೆ ಒಬ್ಬ ಬೇಕಿತ್ತು, ಇರಲಿಲ್ಲ.

ಆ ನಡುವಿನವರು ನೀವು. ಎರಡೂ ಭಾಷೆ ಬಲ್ಲವರು ನಮ್ಮ ತಾಲೂಕಿನಲ್ಲಿ ಬೇಕಾದಷ್ಟು ಇದ್ದೀರಿ. ಸಂಗಡ ಹೋಗ್ರಿ. ಪ್ರಶ್ನೆಯನ್ನು ಇದ್ದ ಹಾಗೆ ಕನ್ನಡದಲ್ಲಿ ಹೇಳ್ರಿ, ಅವ್ವನ ಉತ್ತರವನ್ನು ಇದ್ದ ಹಾಗೆ ಮರಾಠಿಯಲ್ಲಿ ಹೇಳ್ರಿ. ನಿಮ್ಮದೇನೂ ಕೂಡಿಸಬೇಡ್ರಿ. ಹೆಚ್ಚು ಮಾಡಿ ಹೇಳಿಸೋದೂ ಬೇಡ. ಸುಳ್ಳು ಹೇಳಿ ಸವಲತ್ತು ಪಡೆದರೆ ಇದೇ ಕಾಯ್ದೆಯ 91ನೇ ಕಲಮಿನಲ್ಲಿ 2 ವರ್ಷದವರೆಗೆ ಜೈಲು ಅಥವಾ 1 ಲಕ್ಷದವರೆಗೆ ದಂಡ, ಎರಡೂ ಆಗಬಹುದು.

ಕಾರ್ಡ್ ಆಯಿತು. ಮುಂದೆ ನಮ್ಮ ಮಹಾರಾಷ್ಟ್ರದಲ್ಲಿ ಸಂಜಯ ಗಾಂಧಿ ನಿರಾಧಾರ ಅನುದಾನ ಯೋಜನೆ. ಅಂಗವಿಕಲರಿಗೆ ತಿಂಗಳಿಗೆ 1500 ರೂಪಾಯಿ ಇದ್ದದ್ದು 2025ರ ಅಕ್ಟೋಬರ್‌ನಿಂದ 2500 ಆಗಿದೆ. ಅರ್ಜಿ ತಹಶೀಲ ಕಚೇರಿಗೆ, ಇಲ್ಲವೇ ಸೇತು ಕೇಂದ್ರದ ಮೂಲಕ. ಕನಿಷ್ಠ 15 ವರ್ಷ ಈ ರಾಜ್ಯದಲ್ಲಿ ವಾಸ ಇರಬೇಕು. ಆಚೆ ಊರಿಂದ ಹೆಣ್ಣು ತರೋದು ನಮ್ಮಲ್ಲಿ ಅಜ್ಜನ ಕಾಲದಿಂದ ಇದೆ, ಆದ್ದರಿಂದ ಸೊಸೆಯಂದಿರು ಇಲ್ಲಿ ಸಿಕ್ಕಿಬೀಳುತ್ತಾರೆ. ಮದುವೆಯಾದ ವರ್ಷವೇ ರೇಶನ್ ಕಾರ್ಡಿನಲ್ಲಿ, ಮತದಾರರ ಪಟ್ಟಿಯಲ್ಲಿ ಹೆಸರು ಹಚ್ಚಿಸ್ರಿ. ವಾಸದ ಪುರಾವೆ ಅಲ್ಲಿಂದಲೇ ಬೆಳೆಯುತ್ತ ಹೋಗುತ್ತದೆ. ತಡ ಮಾಡಿದರೆ ಹಿಂದಿನ ತಿಂಗಳುಗಳ ದುಡ್ಡು ಯಾರೂ ಎಣಿಸಿ ಕೊಡೋದಿಲ್ಲ.

ಕಾಗದದ ಮಾತುಗಳೂ ತೊಡಕು ಮಾಡುತ್ತವೆ. 'ಉತ್ಪನ್ನಾಚಾ ದಾಖಲಾ' ಅಂದರೆ ಆದಾಯ ಪ್ರಮಾಣಪತ್ರ. ಕನ್ನಡದಲ್ಲಿ ಉತ್ಪನ್ನ ಅಂದರೆ ಬೆಳೆದದ್ದು, ತಯಾರಿಸಿದ್ದು. ಒಬ್ಬ ಅಜ್ಜ 'ನನಗ ಹೊಲಾನೇ ಇಲ್ಲ, ಉತ್ಪನ್ನ ಎಲ್ಲಿಂದ ತರಲಿ' ಅಂತ ಕೌಂಟರ್‌ನಲ್ಲಿ ಕೇಳಿದ್ದ. ನಗು ಬಂತು, ಆದರೆ ಆ ಅಜ್ಜನಿಗೆ ಆ ಕಾಗದ ಬೇಕೇ ಇತ್ತು. ಅದಕ್ಕಿಂತ ಗಟ್ಟಿಯಾದದ್ದು 'ಹಯಾತೀಚಾ ದಾಖಲಾ'. ಫಲಾನುಭವಿ ಬದುಕಿದ್ದಾನೆ ಅನ್ನೋದಕ್ಕೆ ವರ್ಷಕ್ಕೊಮ್ಮೆ ಕೊಡುವ ಪುರಾವೆ. ಗ್ರಾಮ ಪಂಚಾಯಿತಿ ಬೋರ್ಡಿನ ಮೇಲೆ ಮರಾಠಿಯಲ್ಲಿ ನೋಟಿಸ್ ಹಚ್ಚುತ್ತಾರೆ, ಓದಲು ಬಾರದವರು ಅದರ ಮುಂದೆಯೇ ಕೂತು ಎಲಿಅಡಿಕಿ ಹಾಕುತ್ತಾರೆ. ಮುಂದೆ ಪಗಾರ ನಿಂತಾಗ 'ಸರ್ಕಾರ ಬಂದ್ ಮಾಡ್ತು' ಅಂತಾರೆ.

ಹಾಗಾದರೆ ಕನ್ನಡದಲ್ಲಿ ಬರೆಯಲು ಹಕ್ಕೇ ಇಲ್ಲವೇ? ಇದೆ. ಸಂವಿಧಾನದ 350ನೇ ವಿಧಿ ಪ್ರಕಾರ ಕುಂದುಕೊರತೆಯ ಮನವಿಯನ್ನು ಕೇಂದ್ರದ ಅಧಿಕಾರಿಗಾದರೆ ಕೇಂದ್ರದಲ್ಲಿ ಬಳಕೆಯಲ್ಲಿರುವ, ರಾಜ್ಯದ ಅಧಿಕಾರಿಗಾದರೆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಕೊಡಬಹುದು. ಕಾಸರಗೋಡಿನ ಬಂಧುಗಳಿಗೆ ಇನ್ನೂ ಗಟ್ಟಿ ಆಧಾರ ಇದೆ. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆ ಕನ್ನಡಿಗರಿಗೆ ಕನ್ನಡದಲ್ಲೇ ಪತ್ರ ಬರೆಯುವ, ಕನ್ನಡದಲ್ಲೇ ಉತ್ತರ ಪಡೆಯುವ ಹಕ್ಕು ಕೊಟ್ಟಿದೆ. ಇವನ್ನು ಬಿಡಬಾರದು, ಕೇಳುತ್ತಲೇ ಇರಬೇಕು. ಆದರೆ ನನ್ನ ಅಭಿಪ್ರಾಯ ಕೇಳಿದರೆ, ಹಕ್ಕಿನ ಹೋರಾಟಕ್ಕೆ ಆ ಅವ್ವನ ಅರ್ಜಿಯನ್ನು ಹೂಡಬೇಡ್ರಿ. ಆಕೆಯ ಅರ್ಜಿ ಮರಾಠಿಯಲ್ಲಿ ತಪ್ಪಿಲ್ಲದೆ ತುಂಬಿ ಕೊಡ್ರಿ, ಕನ್ನಡದ ಫಾರ್ಮ್ ಬೇಕು ಅನ್ನೋ ಮನವಿಯನ್ನು ಸಂಘದ ಹೆಸರಲ್ಲಿ ಬೇರೆ ಕೊಡ್ರಿ. ಕೆಲವರಿಗೆ ಇದು ಸೇರಲಿಕ್ಕಿಲ್ಲ.

ಈಗ ನನ್ನ ಕೌಂಟರ್‌ಗೆ ಬರೋಣ. ಮಂಜೂರಾಯಿತು, ಹೆಸರೂ ಕೂಡಿದೆ, ಆದರೂ ದುಡ್ಡು ಇಲ್ಲ. ಈಗ ಹಣ ಬರೋದು ಆಧಾರ್ ಮೂಲಕ. ಒಬ್ಬರಿಗೆ ನಾಲ್ಕು ಖಾತೆ ಇರಬಹುದು, ನಾಲ್ಕಕ್ಕೂ ಆಧಾರ್ ಕೊಟ್ಟಿರಬಹುದು. ಆದರೆ ಎನ್‌ಪಿಸಿಐ ಮ್ಯಾಪರ್‌ನಲ್ಲಿ ಒಂದೇ ಬ್ಯಾಂಕ್ ಇರುತ್ತದೆ, ಕೊನೆಗೆ ಜೋಡಿಸಿದ್ದು. ನಮ್ಮಲ್ಲಿ ಎಷ್ಟೋ ಜನ ಆಚೆ ಬಜಾರಕ್ಕೆ ಹೋದಾಗ ಅಲ್ಲಿನ ಶಾಖೆಯಲ್ಲಿ ಖಾತೆ ತೆಗೆದಿರುತ್ತಾರೆ. 2024ರಲ್ಲಿ ಲಾಡಕಿ ಬಹೀಣ ಯೋಜನೆ ಬಂದಾಗ ಮನೆಯ ಹೆಂಗಸರು ಹೊಸ ಖಾತೆ ತೆಗೆದರು. ಹಿಂದಿನ ಪಾಸ್‌ಬುಕ್ ಹಿಡಿದು ತಿಂಗಳುಗಟ್ಟಲೆ ಕಾಯುತ್ತಾರೆ, ದುಡ್ಡು ಮತ್ತೊಂದು ಖಾತೆಯಲ್ಲಿ ಸುಮ್ಮನೆ ಕೂತಿರುತ್ತದೆ. ಮೈಆಧಾರ್‌ನಲ್ಲಿ 'ಬ್ಯಾಂಕ್ ಸೀಡಿಂಗ್ ಸ್ಟೇಟಸ್' ನೋಡ್ರಿ, ಯಾವ ಬ್ಯಾಂಕ್ ಅಂತ ಅಲ್ಲೇ ಬರುತ್ತದೆ. ಎರಡು ನಿಮಿಷದ ಕೆಲಸ. ಬದಲಿಸಬೇಕಾದರೆ ಬೇಕಾದ ಬ್ಯಾಂಕಿನಲ್ಲಿ ಆಧಾರ್ ಸೀಡಿಂಗ್ ಒಪ್ಪಿಗೆ ಫಾರ್ಮ್ ಕೊಡ್ರಿ.

ಸಹಿ ಮಾಡಲು ಆಗದವರನ್ನು ಬ್ಯಾಂಕು ತಿರುಗಿಸಿ ಕಳಿಸುವಂತಿಲ್ಲ. ಹೆಬ್ಬೆಟ್ಟು, ಕೈ ಇಲ್ಲದಿದ್ದರೆ ಕಾಲಿನ ಬೆರಳಿನ ಗುರುತೂ ನಡೆಯುತ್ತದೆ. ಇಬ್ಬರು ಸಾಕ್ಷಿ ಬೇಕು, ಒಬ್ಬರು ಬ್ಯಾಂಕಿನ ಜವಾಬ್ದಾರಿ ಸ್ಥಾನದವರು ಇರಬೇಕು. ಇದು ರಿಸರ್ವ್ ಬ್ಯಾಂಕಿನ ನಿರ್ದೇಶನ. ಕಣ್ಣು ಕಾಣದವರಿಗೆ ಚೆಕ್‌ಬುಕ್, ಎಟಿಎಂ ಕಾರ್ಡ್ ಕೊಡೋದಿಲ್ಲ ಅನ್ನುವ ಹಾಗೂ ಇಲ್ಲ.

18 ತುಂಬಿದ ಮಕ್ಕಳ ಬಗ್ಗೆ ತಂದೆತಾಯಿಗೆ ಒಂದು ದೊಡ್ಡ ತಪ್ಪು ಕಲ್ಪನೆ. 'ನಾನೇ ಹಡೆದದ್ದು, ನಾನೇ ಪಾಲಕಿ' ಅಂತಾಳೆ ತಾಯಿ. ನಿಜ, ಆದರೆ ಕಾಯ್ದೆಯ ಕಣ್ಣಲ್ಲಿ 18 ಆದ ದಿನ ಅದು ಮುಗಿಯುತ್ತದೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಂಗವೈಕಲ್ಯ, ಬಹುವಿಧ ಅಂಗವೈಕಲ್ಯ ಈ ನಾಲ್ಕಕ್ಕೆ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಜಿಲ್ಲಾಧಿಕಾರಿ ಇರುವ ಸ್ಥಳೀಯ ಸಮಿತಿಯಿಂದ ಪಾಲಕತ್ವದ ಪ್ರಮಾಣಪತ್ರ ತರಬೇಕು. ಅದನ್ನು ಬ್ಯಾಂಕು ಒಪ್ಪುತ್ತದೆ, ವಕೀಲರ ಖರ್ಚು ಬೇಕಿಲ್ಲ. 17 ನಡೆಯುವಾಗಲೇ ಕಾಗದ ಕೂಡಿಸಿ ಇಡ್ರಿ. ಇದೇ ನಾಲ್ಕಕ್ಕೆ ನಿರಾಮಯ ಅನ್ನುವ ಆರೋಗ್ಯ ವಿಮೆಯೂ ಇದೆ, 1 ಲಕ್ಷ ರೂಪಾಯಿವರೆಗೆ.

ಕೊನೆಗೆ, ಪ್ರತಿ ಸಭೆಯಲ್ಲಿ ಯಾರಾದರೂ ಕೇಳುವ ಪ್ರಶ್ನೆ. ಆಚೆಯೂ ಒಂದು ರೇಶನ್ ಕಾರ್ಡ್ ಇದೆ, ಎರಡೂ ಕಡೆ ತಗೋಬಹುದಾ? ಇಲ್ಲ. ಆಂಧ್ರದಲ್ಲಿ ಅಂಗವಿಕಲರಿಗೆ 6000, ಹಾಸಿಗೆ ಹಿಡಿದವರಿಗೆ 15,000. ಕೇರಳದಲ್ಲಿ 2000. ಕರ್ನಾಟಕದಲ್ಲಿ ಇದಕ್ಕಿಂತ ಕಡಿಮೆಯೇ ಇದೆ. ಎಲ್ಲಿ ಮನೆ ಇದೆಯೋ ಅಲ್ಲಿನದು ಮಾತ್ರ. ಆಧಾರ್ ಒಂದೇ ಇರುವಾಗ ಎರಡು ಕಡೆಯದು ಒಂದಿನ ಸಿಗುತ್ತದೆ, ಆಗ ಇದ್ದದ್ದೂ ಹೋಗುತ್ತದೆ. ಅದರ ಬದಲು ನಿಮ್ಮ ಗ್ರಾಮ ಪಂಚಾಯಿತಿಗೆ ಹೋಗಿ ಕೇಳ್ರಿ. ಮಹಾರಾಷ್ಟ್ರದ ಸ್ಥಳೀಯ ಸಂಸ್ಥೆಗಳು ಸ್ವಂತ ಆದಾಯದ ಶೇ. 5ನ್ನು ಅಂಗವಿಕಲರಿಗೆ ಮೀಸಲಿಡಬೇಕು. ಹೋದ ವರ್ಷ ಎಷ್ಟಿತ್ತು, ಯಾರಿಗೆ ಕೊಟ್ಟಿರಿ ಅಂತ ಗ್ರಾಮಸಭೆಯಲ್ಲಿ ಎದ್ದು ಕೇಳ್ರಿ. ಮರಾಠಿಯಲ್ಲಿ ಕೇಳಿದರೂ ಸರಿ, ಕನ್ನಡದಲ್ಲಿ ಕೇಳಿದರೂ ಸರಿ.

ಕಾಗದ ತಂದವರು ಮುಂದಿನ ಸಾಲಿಗೆ ಬರ್ರಿ. ಆಧಾರ್ ಮೇಲೆ ಇಡ್ರಿ, ರೇಶನ್ ಕಾರ್ಡ್ ಅದರ ಕೆಳಗೆ. ಹೆಸರು ಓದೋಣ.