ಕ್ರೈಸ್ತಮತದಲ್ಲಿ ನಿಜಸ್ವಾತಂತ್ರ್ಯದ ವಿಚಾರ



ಸಿಂಧನೂರು, ಲಿಂಗಸೂಗೂರು, ಮಸ್ಕಿ ಪ್ರಾಂತದವರಿಗೆ ಸ್ವಾತಂತ್ರ್ಯವೆಂಬ ಶಬ್ದವು ಎರಡು ಸಲ ಕೇಳಿಬಂದಿತು. 1947ನೆಯ ಇಸವಿ ಆಗಸ್ಟ 15ರಂದು ತುಂಗಭದ್ರೆಯ ಆಚೆಯ ದಡದಲ್ಲಿ ಧ್ವಜವೇರಿದಾಗ, ಈಚೆಯ ದಡದವರು ನಿಜಾಮನ ಪ್ರಜೆಗಳಾಗಿಯೇ ಉಳಿದು ರಜಾಕಾರರ ಹಾವಳಿಯನ್ನು ಸಹಿಸಬೇಕಾಯಿತು. 1948ನೆಯ ಸಪ್ಟಂಬರ 17ರಂದು ನಿಜಾಮನು ಮಣಿದ ತರುವಾಯವೇ ಇಲ್ಲಿಯವರ ಬಿಡುಗಡೆ. ಆದರೆ ಒಕ್ಕಲ ಮನೆಯಲ್ಲಿ ಸಾಲಕ್ಕೆ ಸಿಕ್ಕಿ ದುಡಿಯುತ್ತಿದ್ದ ಜೀತದಾಳು ಮರುದಿನವೂ ಅದೇ ಕೊಟ್ಟಿಗೆಯ ಸೆಗಣಿಯನ್ನು ಬಳಿದನು. ಜೀತವನ್ನು ನಿರ್ಮೂಲಗೊಳಿಸುವ ಕಾಯಿದೆಯು 1976ರಲ್ಲಿ ಬಂದಿತು. ಅರಸು ಬದಲಾದರೂ ಬದಲಾಗದ ಬಂಧನವೊಂದುಂಟೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನವೇಕೆ?

ಪರಮತದ ವಿಚಾರವನ್ನು ಮಠದಲ್ಲೇಕೆ ಎತ್ತಬೇಕೆಂದು ಕೆಲವರು ಕೇಳಬಹುದು. ಲಿಂಗಸೂಗೂರು ತಾಲೂಕಿನ ಮುದಗಲ್ಲಿನಲ್ಲಿ ಬಿಜಾಪುರದ ಆದಿಲಶಾಹಿಗಳ ಕಾಲದಿಂದಲೂ ಕ್ರೈಸ್ತರು ನೆಲೆಸಿರುವರು. ಶತಮಾನಗಳಿಂದ ನೆರೆಯಲ್ಲಿರುವವರ ನಂಬುಗೆಯನ್ನು ಅರಿಯದಿರುವುದು ವಿದ್ವಾಂಸರಿಗೆ ಭೂಷಣವಲ್ಲ. 1915ರಲ್ಲಿ ಮಸ್ಕಿಯಲ್ಲಿ ದೊರೆತ ಅಶೋಕನ ಶಾಸನವೂ, ಧರ್ಮನಿರತನಾದ ಅಲ್ಪನಿಗೂ ಉನ್ನತ ಪದವು ಸಾಧ್ಯ, ಅದು ದೊಡ್ಡವರಿಗೆ ಮಾತ್ರ ಮೀಸಲೆಂದು ತಿಳಿಯಬಾರದು ಎಂಬ ಅಭಿಪ್ರಾಯವನ್ನೇ ಸಾರುತ್ತದೆ. ಅದು ಬೌದ್ಧನ ಮಾತೆಂದು ಯಾರೂ ಕಿವಿ ಮುಚ್ಚಿಕೊಳ್ಳಲಿಲ್ಲವಷ್ಟೆ!

ಕ್ರೈಸ್ತರ ಮತದಲ್ಲಿ ಪಾಪವನ್ನಾಚರಿಸುವವನು ಪಾಪಕ್ಕೆ ದಾಸನು. ತನ್ನ ಬಲದಿಂದ ಅವನು ಆ ಒಡೆತನವನ್ನು ಕಳಚಿಕೊಳ್ಳಲಾರನು. ಯೇಸುವಿನ ಮೂಲಕ ಬರುವ ದೇವರ ಕೃಪೆಯೇ ಅವನನ್ನು ಬಿಡಿಸಬೇಕು. ನಮ್ಮ ಶಾಸ್ತ್ರದಲ್ಲಿ ಹೇಳಿರುವ ಪಾಶಕ್ಕೂ ಇದಕ್ಕೂ ಸಾದೃಶ್ಯವಿದ್ದರೂ ಭೇದವೂ ಉಂಟು. ನಮಗೆ ಮಲತ್ರಯವು ಅನಾದಿಯಾದ ಆವರಣ. ಅವರಿಗೆ ಪಾಪವು ದೇವರಾಜ್ಞೆಯನ್ನು ಮೀರಿದುದರಿಂದ ಬಂದ ದೋಷ. ಆದರೆ ಬಿಡುಗಡೆ ಹೊಂದಿದವನು ಒಡೆಯನಿಲ್ಲದ ಸ್ವೇಚ್ಛಾಚಾರಿಯಾಗನು, ಪ್ರೀತಿಯಿಂದ ಪರರ ಸೇವೆಗೆ ನಿಲ್ಲುವನು ಎಂಬಲ್ಲಿ ಉಭಯರೂ ಸಮೀಪವರ್ತಿಗಳು. ಪೌಲನು ಗಲಾತ್ಯದವರಿಗೆ ಬರೆದ ಓಲೆಯ ತಾತ್ಪರ್ಯವಿದೇ. ಜರ್ಮನಿಯ ಲೂಥರನು 1520ರಲ್ಲಿ ಕ್ರೈಸ್ತನ ಸ್ವಾತಂತ್ರ್ಯವನ್ನು ಕುರಿತು ಬರೆದ ಗ್ರಂಥದಲ್ಲಿ, ಅಂಥವನು ಯಾರಿಗೂ ಅಧೀನನಲ್ಲ, ಆದರೂ ಎಲ್ಲರ ಸೇವಕನು ಎಂದು ಪ್ರತಿಪಾದಿಸಿರುವನು. ದಾಸೋಹವನ್ನು ಬಲ್ಲ ಶರಣರಿಗೆ ಈ ವಿರೋಧಾಭಾಸದ ಬಿಡಿಸುವಿಕೆ ಕಷ್ಟವಲ್ಲ.

ಕಷ್ಟವಿರುವುದು ಬೇರೊಂದು ಕಡೆ. ಪೌಲನದೇ ಇನ್ನೊಂದು ಚಿಕ್ಕ ಓಲೆಯುಂಟು. ಫಿಲೆಮೋನನೆಂಬ ಗೃಹಸ್ಥನ ದಾಸನಾದ ಒನೇಸಿಮನು ಒಡೆಯನನ್ನು ಬಿಟ್ಟುಹೋಗಿ, ಸೆರೆಯಲ್ಲಿದ್ದ ಪೌಲನ ಬಳಿ ಸೇರಿ ಕ್ರೈಸ್ತನಾದನು. ಓಡಿಹೋದ ದಾಸನಿಗೆ ರೋಮಿನವರಲ್ಲಿ ಚಾವಟಿಯ ಪೆಟ್ಟು, ಹಣೆಗೆ ಬರೆ. ಪೌಲನು ಅವನ ಕೈಯಲ್ಲಿ ಓಲೆಯನ್ನು ಕೊಟ್ಟು ತಿರುಗಿ ಕಳುಹಿಸಿದನು. ಇವನನ್ನು ಇನ್ನು ಆಳೆಂದಲ್ಲ, ಒಡಹುಟ್ಟಿದವನೆಂದು ಸ್ವೀಕರಿಸಬೇಕೆಂದೂ, ಇವನ ಬಾಕಿಯೇನಾದರೂ ಇದ್ದರೆ ಅದು ತನ್ನ ಲೆಕ್ಕಕ್ಕಿರಲೆಂದೂ ಕೇಳಿಕೊಂಡನು. ಆದರೆ ದಾಸ್ಯವೇ ಅಧರ್ಮವೆಂದು ಬಿಚ್ಚಿ ಹೇಳಲಿಲ್ಲ. ಈ ಮೌನದ ಫಲವೇನಾಯಿತೆಂಬುದನ್ನು ಅಮೇರಿಕೆಯ ಇತಿಹಾಸವು ತೋರಿಸುತ್ತದೆ. 1865ರಲ್ಲಿ ದಾಸ್ಯವು ಅಲ್ಲಿ ರದ್ದಾಗುವವರೆಗೂ ದಾಸರ ಒಡೆಯರು ಈ ಓಲೆಯನ್ನೇ ಆಧಾರವಾಗಿ ಹಿಡಿದರು. ದಾಸ್ಯವನ್ನು ವಿರೋಧಿಸಿದವರೂ ಇದನ್ನೇ ಹಿಡಿದರು. ಆತ್ಮಕ್ಕೆ ಸ್ವಾತಂತ್ರ್ಯವಿದೆಯಲ್ಲಾ, ಮೈಗೇಕೆ ಬೇಕು ಎಂಬ ವಾದವು ಯಾವ ಮತದವರ ಬಾಯಿಂದ ಬಂದರೂ ಅದು ಒಡೆಯನ ಅನುಕೂಲದ ವಾದವೇ ಹೊರತು ಅಧ್ಯಾತ್ಮವಲ್ಲ.

ಕ್ರೈಸ್ತರನ್ನು ಮಾತ್ರ ದೂಷಿಸಿ ಸುಮ್ಮನಾಗುವಂತಿಲ್ಲ. ಸಮಗಾರ ಹರಳಯ್ಯನು ಶರಣೆಂದಾಗ ಬಸವಣ್ಣನವರು ಶರಣು ಶರಣಾರ್ಥಿಯೆಂದು ಮರುನುಡಿದ ಕಥೆಯು ಎಲ್ಲರಿಗೂ ವಿದಿತವಾದುದೇ. ಆ ಕಥೆಯನ್ನು ಪುರಾಣದ ಜಗಲಿಯಲ್ಲಿ ಕೇಳಿ ಕಣ್ಣೀರು ಸುರಿಸಿದ ಮನೆಗಳಲ್ಲಿಯೇ ಜೀತದಾಳಿನ ಗಂಗಾಳವು ಗೋಡೆಯ ಹೊರಗಿನ ಗೂಡಿನಲ್ಲಿರುತ್ತಿತ್ತು. ಅವನ ತಂದೆಯ ಸಾಲವು ಅವನ ಮಗನ ಹೆಸರಿಗೆ ಏರುತ್ತಿತ್ತು. ಅಣ್ಣ, ಅಯ್ಯ, ಅಪ್ಪ ಎಂಬ ಪದಗಳು ನಮ್ಮ ಶರಣರ ಹೆಸರುಗಳಲ್ಲಿಯೇ ಬೆರೆತಿವೆ. ಆಳನ್ನು ಕರೆಯುವಾಗ ಮಾತ್ರ ಅವು ನಾಲಿಗೆಗೆ ಬಾರವು.

ಒನೇಸಿಮನೆಂದರೆ ಗ್ರೀಕ ಭಾಷೆಯಲ್ಲಿ ಉಪಯುಕ್ತನೆಂದರ್ಥ. ಆಳಿಗೆ ಒಡೆಯನಿಡತಕ್ಕ ಹೆಸರೇ ಅದು. ಅವನು ಓಲೆಯನ್ನು ಹಿಡಿದು ಬಾಗಿಲಲ್ಲಿ ನಿಂತಾಗ ಫಿಲೆಮೋನನು ಅವನನ್ನು ಏನೆಂದು ಕರೆದನೆಂಬುದು ಕ್ರೈಸ್ತರ ಗ್ರಂಥದಲ್ಲಿ ಬರೆದಿಲ್ಲ.